ಹಳೇ ಕ್ಯಾನನ್‌ಗೆ ಮ್ಯಾಜಿಕ್ ಲ್ಯಾಂಟರ್ನ್ ಹಾಕಿದ್ರೆ ಏನ್ ಸಿಗುತ್ತೆ, ಏನ್ ಸಿಗಲ್ಲ

ಪ್ರಶ್ನೆ: ಸರ್ ನಮಸ್ತೆ. ನಮ್ಮೂರು ಸಾಗರದ ಹತ್ರ. ನನ್ನತ್ರ ಕ್ಯಾನನ್ 600ಡಿ ಇದೆ, ಜೊತೆಗೆ ಕಿಟ್ ಲೆನ್ಸು ಮತ್ತೆ 50 ಎಂಎಂ 1.8. ಯಕ್ಷಗಾನದ ವಿಡಿಯೋ, ಮಳೆಗಾಲದಲ್ಲಿ ಅಣಬೆ ಹುಳ ಇವುಗಳ ಕ್ಲೋಸಪ್ಪು, ಆಗಾಗ ರಾತ್ರಿ ಆಕಾಶ ತೆಗೀತಿರ್ತೀನಿ. ಫ್ರೆಂಡ್ ಒಬ್ಬ ಮ್ಯಾಜಿಕ್ ಲ್ಯಾಂಟರ್ನ್ ಹಾಕು, ಸಿನಿಮಾ ಕ್ಯಾಮೆರಾ ಥರ ಆಗುತ್ತೆ ಅಂತಾನೆ. ಇನ್ನೊಬ್ರು ಹಾಕ್ಬೇಡ, ಕ್ಯಾಮೆರಾ ಡೆಡ್ ಆಗುತ್ತೆ ಅಂತ ಹೆದರಿಸ್ತಾರೆ. ಮನೇಲಿ ಅಪ್ಪನ ಹಳೇ ಪವರ್‌ಶಾಟ್ ಎಸ್‌ಎಕ್ಸ್150 ಕೂಡ ಸುಮ್ನೆ ಬಿದ್ದಿದೆ, ಅದಕ್ಕೂ ಹಿಂಗೇನಾದ್ರೂ ಇದ್ಯಾ? ನಿಜವಾಗ್ಲೂ ಉಪಯೋಗ ಇದ್ಯಾ ಇಲ್ಲ ಬರೀ ಹವಾನಾ? ಕ್ಯಾಮೆರಾ ಹೋದ್ರೆ ಇನ್ನೊಂದು ತಗೊಳೋಷ್ಟು ದುಡ್ಡಿಲ್ಲ ಸರ್.

ಉತ್ತರ: ನಮಸ್ತೆ. ಮ್ಯಾಜಿಕ್ ಲ್ಯಾಂಟರ್ನ್ ಅಂದ್ರೆ ಕ್ಯಾನನ್ ಕ್ಯಾಮೆರಾಗೆ ಹೊಸ ಸವಲತ್ತು ಸೇರಿಸೋಕೆ ಹವ್ಯಾಸಿಗಳು ಬರೆದ ಪ್ರೋಗ್ರಾಂ. ಅದ್ರಿಂದ ಉಪಯೋಗ ಖಂಡಿತ ಇದೆ, ಆದ್ರೆ ನಿಮ್ಮ ಫ್ರೆಂಡ್ ಹೇಳಿದ ಕಾರಣಕ್ಕಲ್ಲ. ಸಿನಿಮಾ ಕ್ಯಾಮೆರಾ ಆಗೋ ಮಾತನ್ನ 600ಡಿ ವಿಷಯದಲ್ಲಿ ಮರೆತುಬಿಡಿ, ಯಾಕೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸ್ತೀನಿ. ನಿಮಗೆ ಲಾಭ ಆಗೋದು ಯಾರೂ ಹೊಗಳಿ ಮಾತಾಡದೇ ಇರೋ ಸಣ್ಣ ಸಣ್ಣ ಸವಲತ್ತುಗಳಿಂದ. ಇನ್ನು ಡೆಡ್ ಆಗುತ್ತೆ ಅನ್ನೋ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ, ಆದ್ರೆ ಜನ ಅಂದ್ಕೊಂಡಿರೋಷ್ಟು ದೊಡ್ಡದೂ ಅಲ್ಲ.

ಮೊದಲು ಒಂದು ತಪ್ಪು ತಿಳುವಳಿಕೆ ಸರಿ ಮಾಡ್ಬೇಕು. ಎಲ್ರೂ "ಫರ್ಮ್‌ವೇರ್ (ಕ್ಯಾಮೆರಾ ಒಳಗೇ ಇರೋ ಸಾಫ್ಟ್‌ವೇರ್) ಚೇಂಜ್ ಮಾಡೋದು" ಅಂತಾರೆ, ಮೊಬೈಲ್‌ಗೆ ಕಸ್ಟಮ್ ರಾಮ್ ಹಾಕ್ದಂಗೆ ಹಳೇದನ್ನ ಅಳಿಸಿ ಹೊಸದನ್ನ ಕೂರಿಸ್ತಾರೆ ಅಂತ ಅಂದ್ಕೊಂಡಿರ್ತಾರೆ. ಮ್ಯಾಜಿಕ್ ಲ್ಯಾಂಟರ್ನ್ ಹಂಗೆ ಮಾಡೋದೇ ಇಲ್ಲ. ನಿಮ್ಮ 600ಡಿ ಒಳಗೆ ಕ್ಯಾನನ್ ಅವರದ್ದೇ ಡ್ರೈಓಎಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಓಡ್ತಿರುತ್ತೆ, ಅದು ಹಾಗೇ ಇರುತ್ತೆ. ಮ್ಯಾಜಿಕ್ ಲ್ಯಾಂಟರ್ನ್ ಕೂತಿರೋದು ಎಸ್‌ಡಿ ಕಾರ್ಡ್ ಮೇಲೆ. ಕ್ಯಾಮೆರಾ ಆನ್ ಮಾಡ್ದಾಗ ಕಾರ್ಡಿಂದ ಮೆಮರಿಗೆ ಲೋಡ್ ಆಗಿ ಕ್ಯಾನನ್ ಸಾಫ್ಟ್‌ವೇರ್ ಪಕ್ಕದಲ್ಲೇ ತನ್ನ ಕೆಲಸ ಮಾಡ್ಕೊಂಡಿರುತ್ತೆ, ಆಫ್ ಮಾಡಿದ್ರೆ ಹೋಯ್ತು. ಬೇರೆ ಕಾರ್ಡ್ ಹಾಕಿ ಆನ್ ಮಾಡಿದ್ರೆ ಅಂಗಡಿಯಿಂದ ತಂದ ದಿನ ಹೆಂಗಿತ್ತೋ ಹಂಗೇ ಕ್ಯಾಮೆರಾ. ಕ್ಯಾಮೆರಾ ಒಳಗೆ ಖಾಯಂ ಆಗಿ ಬದಲಾಗೋದು ಒಂದೇ ಒಂದು, ಬೂಟ್‌ಫ್ಲಾಗ್ ಅಂತ ಒಂದು ಸಣ್ಣ ಗುರುತು, "ಕಾರ್ಡಲ್ಲಿ ಓಡಿಸೋ ಪ್ರೋಗ್ರಾಂ ಇದ್ಯಾ ನೋಡು" ಅಂತ ಕ್ಯಾಮೆರಾಗೆ ಹೇಳೋದಷ್ಟೇ ಅದರ ಕೆಲಸ, ಬೇಡ ಅಂದ್ರೆ ಅದನ್ನೂ ತೆಗೀಬೋದು.

ಇದು ಹುಟ್ಟಿದ್ದು 2009ರಲ್ಲಿ, ಟ್ರಾಮೆಲ್ ಹಡ್ಸನ್ ಅನ್ನೋರು 5ಡಿ ಮಾರ್ಕ್ 2ಗೆ ಅಂತ ಬರೆದದ್ದು. ಆ ಕ್ಯಾಮೆರಾ ಬಂದ ಹೊಸದ್ರಲ್ಲಿ ಫುಲ್ ಫ್ರೇಮ್ ವಿಡಿಯೋ ಅಂತ ಸಿನಿಮಾದವರೆಲ್ಲ ಮುಗಿಬಿದ್ರು, ಆದ್ರೆ ಕೈಗೆ ತಗೊಂಡು ನೋಡಿದ್ರೆ ಸೌಂಡ್ ಲೆವೆಲ್ ನೋಡೋಕೆ ಮೀಟರ್ ಇಲ್ಲ, ಸೌಂಡನ್ನ ಕ್ಯಾಮೆರಾನೇ ಏರಿಸಿ ಇಳಿಸಿ ಕೆಡಿಸುತ್ತೆ, ವಿಡಿಯೋದಲ್ಲಿ ಮ್ಯಾನುಯಲ್ ಎಕ್ಸ್‌ಪೋಷರ್ ಕೂಡ ಇಲ್ಲ. ಎಕ್ಸ್‌ಪೋಷರ್ ಕಂಟ್ರೋಲನ್ನ ಕ್ಯಾನನ್ ಅವರೇ 2009ರ ಮಧ್ಯದಲ್ಲಿ ಅಪ್‌ಡೇಟ್ ಆಗಿ ಕೊಟ್ರು, 24 ಫ್ರೇಮ್ ಬಂದದ್ದು 2010ರಲ್ಲಿ. ಉಳಿದ ಕೊರತೆ ತುಂಬಿಸೋಕೆ ಹೊರಟದ್ದೇ ಮ್ಯಾಜಿಕ್ ಲ್ಯಾಂಟರ್ನ್. ಆಮೇಲೆ ಬೇರೆ ಬೇರೆ ದೇಶದ ಹವ್ಯಾಸಿಗಳು ಸೇರ್ಕೊಂಡು 550ಡಿ, 60ಡಿ, 600ಡಿ, 7ಡಿ, 6ಡಿ, 700ಡಿ, 5ಡಿ ಮಾರ್ಕ್ 3 ಹಿಂಗೆ ಒಂದೊಂದೇ ಮಾಡೆಲ್‌ಗೆ ತಂದ್ರು. ಇದರ ತಾಕತ್ತು ಗೊತ್ತಾಗ್ಬೇಕು ಅಂದ್ರೆ 50ಡಿ ನೋಡಿ, ಕ್ಯಾನನ್ ಅವರು ಅದಕ್ಕೆ ವಿಡಿಯೋನೇ ಕೊಟ್ಟಿರಲಿಲ್ಲ, ಮೈಕೂ ಇಲ್ಲ, ಅಂಥಾ ಕ್ಯಾಮೆರಾದಲ್ಲಿ ಇವರು ವಿಡಿಯೋ ರೆಕಾರ್ಡ್ ಮಾಡಿಸಿದ್ರು!

ಸರಿ, ಈಗ ನಿಮ್ಮ ಕೆಲಸಕ್ಕೆ ಬರೋಣ. ಯಕ್ಷಗಾನದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ 600ಡಿಯ ತೊಂದರೆಗಳೆಲ್ಲ ಒಟ್ಟಿಗೇ ಬೆಳಕಿಗೆ ಬರೋ ಜಾಗ ಅದು.

ರಂಗಸ್ಥಳದ ಮೇಲೆ ಜೋರು ಲೈಟು, ಹಿಂದುಗಡೆ ಕತ್ತಲು. ವೇಷದ ಕಿರೀಟ, ಎದೆಕಟ್ಟು, ಭುಜಕೀರ್ತಿ ಎಲ್ಲ ಮಿಣಮಿಣ ಅಂತ ಬೆಳಕನ್ನ ವಾಪಸ್ ಎಸೀತಿರುತ್ತೆ. ಕ್ಯಾಮೆರಾನ ಅದರ ಪಾಡಿಗೆ ಬಿಟ್ರೆ ಕತ್ತಲು ನೋಡಿ ಎಕ್ಸ್‌ಪೋಷರ್ ಏರಿಸುತ್ತೆ, ಕಿರೀಟ ಬೆಳ್ಳಗೆ ಹೊಡೆದು ಹೋಗುತ್ತೆ, ಮುಖದ ಬಣ್ಣಗಾರಿಕೆ ಸಪ್ಪೆ ಆಗುತ್ತೆ. ಮ್ಯಾನುಯಲ್‌ನಲ್ಲಿ ಇಟ್ರೂ ಆ ಸಣ್ಣ ಸ್ಕ್ರೀನಲ್ಲಿ ಹೊಡೆದು ಹೋಗಿದ್ಯೋ ಇಲ್ವೋ ಅಂತ ಕಣ್ಣಳತೇಲಿ ಹೇಳೋಕಾಗಲ್ಲ. ಇಲ್ಲಿ ಝೀಬ್ರಾ ಆನ್ ಮಾಡಿ. ಎಲ್ಲೆಲ್ಲಿ ಓವರ್ ಆಗ್ತಿದೆಯೋ ಅಲ್ಲೆಲ್ಲ ಪಟ್ಟೆ ಪಟ್ಟೆ ಗೆರೆ ಬರುತ್ತೆ, ರೆಕಾರ್ಡ್ ಆಗ್ತಿರುವಾಗಲೂ ಬರುತ್ತೆ, ಫೈಲಲ್ಲಿ ಬರಲ್ಲ. ಕಿರೀಟದ ಒಂದೆರಡು ಮಿಂಚಿನ ಚುಕ್ಕೆಲಿ ಗೆರೆ ಬಂದ್ರೆ ಬಿಡಿ ಪರವಾಗಿಲ್ಲ, ಹಣೆ ಕೆನ್ನೆ ಮೇಲೆ ಬಂತು ಅಂದ್ರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ನಂಬರ್) ಇಳಿಸಿ.

ಎರಡನೇದು ಫೋಕಸ್. 50 ಎಂಎಂ ಲೆನ್ಸನ್ನ 2ಕ್ಕೋ 2.8ಕ್ಕೋ ತೆರೆದಿಟ್ಟು ಕುಣಿತಾ ಇರೋ ವೇಷಕ್ಕೆ ಕೈಯಲ್ಲಿ ಫೋಕಸ್ ಹಿಡಿಯೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು, 600ಡಿಲಿ ವಿಡಿಯೋ ನಡೀತಿರುವಾಗ ಆಟೋಫೋಕಸ್ ನಂಬ್ಕೊಂಡ್ರೆ ಅದು ಹುಡುಕ್ತಾ ಹುಡುಕ್ತಾ ಪ್ರಸಂಗವೇ ಮುಗಿದುಹೋಗುತ್ತೆ. ಫೋಕಸ್ ಪೀಕಿಂಗ್ ಆನ್ ಮಾಡಿದ್ರೆ ಶಾರ್ಪ್ ಆಗಿರೋ ಅಂಚುಗಳ ಮೇಲೆ ಬಣ್ಣದ ಚುಕ್ಕೆಗಳು ಬರುತ್ತೆ, ರಿಂಗ್ ತಿರುಗಿಸಿದಂಗೆ ಆ ಚುಕ್ಕೆಗಳು ಹಿಂದಿನ ಪರದೆಯಿಂದ ಕಿರೀಟಕ್ಕೆ, ಕಿರೀಟದಿಂದ ಕಣ್ಣಿಗೆ ಸರಿಯೋದು ಕಾಣುತ್ತೆ. ಜೊತೆಗೆ ಮ್ಯಾಜಿಕ್ ಝೂಮ್ ಅಂತಿದೆ, ಸ್ಕ್ರೀನಿನ ಒಂದು ಕಡೆ ಪುಟ್ಟ ಬಾಕ್ಸಲ್ಲಿ ಮುಖ ದೊಡ್ಡದಾಗಿ ಕಾಣುತ್ತೆ, ಅದೂ ರೆಕಾರ್ಡಿಂಗ್ ನಿಲ್ಲಿಸದೇನೇ. ಕ್ಯಾನನ್‌ನ ಸ್ವಂತ ಮೆನುವಲ್ಲಿ ರೆಕಾರ್ಡಿಂಗ್ ಶುರುವಾದ್ಮೇಲೆ ಹಿಂಗೆ ದೊಡ್ಡದು ಮಾಡಿ ನೋಡೋಕೆ ಆಗಲ್ಲ. ನನ್ನ ಕೇಳಿದ್ರೆ ಈ ಎರಡು ಸವಲತ್ತಿಗೋಸ್ಕರವೇ ಹಾಕ್ಬೋದು, ಬೇರೇನೂ ಬೇಡ.

ಸೌಂಡ್ ವಿಷಯಕ್ಕೆ ನಿಮ್ಮ ಮಾಡೆಲ್‌ನಲ್ಲಿ ಕ್ಯಾನನ್ ಅವರೇ ಮ್ಯಾನುಯಲ್ ಲೆವೆಲ್ ಕೊಟ್ಟಿದ್ದಾರೆ, ಅಷ್ಟರ ಮಟ್ಟಿಗೆ ಒಳ್ಳೇದು. ಆದ್ರೆ ರೆಕಾರ್ಡ್ ಆಗ್ತಿರುವಾಗ ಮೀಟರ್ ಕಾಣಲ್ಲ. ಭಾಗವತರು ಮೆಲ್ಲಗೆ ಪದ ಎತ್ತಿದಾಗ ಲೆವೆಲ್ ಸೆಟ್ ಮಾಡಿ ಕೂತ್ಕೊಂಡಿರ್ತೀರಿ, ಚಂಡೆ ಬಿದ್ದ ತಕ್ಷಣ ಒಡೆದುಹೋಗಿರುತ್ತೆ, ಗೊತ್ತಾಗೋದು ಮನೆಗೆ ಬಂದ್ಮೇಲೆ. ಮ್ಯಾಜಿಕ್ ಲ್ಯಾಂಟರ್ನ್‌ನ ಆಡಿಯೋ ಮೀಟರ್ ಕೊನೇ ತನಕ ಸ್ಕ್ರೀನ್ ಮೇಲೇ ಇರುತ್ತೆ, ಕೆಂಪಿಗೆ ಹೋಯ್ತು ಅಂದ್ರೆ ಆಗಲೇ ಗೊತ್ತಾಗುತ್ತೆ. ಆದ್ರೂ ಒಂದು ಮಾತು, ಸೌಂಡ್ ಚೆನ್ನಾಗಿ ಬೇಕು ಅಂದ್ರೆ ಬೇರೇನೇ ಒಂದು ರೆಕಾರ್ಡರ್ ಇಡಿ, ಅದಕ್ಕೆ ಇನ್ನೊಂದು ಕಾರಣಾನೂ ಇದೆ.

ಏನಂದ್ರೆ 600ಡಿಲಿ ಒಂದು ಕ್ಲಿಪ್ 4 ಜಿಬಿ ಆದ ತಕ್ಷಣ ರೆಕಾರ್ಡಿಂಗ್ ನಿಲ್ಲುತ್ತೆ, ಫುಲ್ ಎಚ್‌ಡಿಲಿ ಅದು ಸುಮಾರು 12 ನಿಮಿಷ. ಆಟ ನಡೆಯೋದು ರಾತ್ರಿಯಿಡೀ. ನೀವು ಸ್ವಲ್ಪ ತೂಕಡಿಸಿದ್ರೆ ಒಂದು ಪದವೇ ಹೋಯ್ತು. ಮ್ಯಾಜಿಕ್ ಲ್ಯಾಂಟರ್ನ್‌ಲಿ ರೆಕಾರ್ಡಿಂಗ್ ನಿಂತ ಕೂಡಲೇ ತಾನೇ ಮತ್ತೆ ಶುರು ಮಾಡೋ ಆಯ್ಕೆ ಇದೆ, ಬಿಟ್‌ರೇಟ್ ಕಮ್ಮಿ ಮಾಡಿದ್ರೆ 4 ಜಿಬಿ ತುಂಬೋಕೂ ಹೆಚ್ಚು ಹೊತ್ತು ಹಿಡಿಯುತ್ತೆ. ಆದ್ರೆ ಎರಡು ಕ್ಲಿಪ್ ನಡುವೆ ಸ್ವಲ್ಪ ಗ್ಯಾಪ್ ಬಂದೇ ಬರುತ್ತೆ, ಅದನ್ನ ಯಾರೂ ತಪ್ಪಿಸೋಕಾಗಲ್ಲ. ಸೌಂಡು ಬೇರೆ ರೆಕಾರ್ಡರ್‌ನಲ್ಲಿ ಅಖಂಡವಾಗಿ ಇದ್ರೆ ಆ ಗ್ಯಾಪಲ್ಲಿ ಪ್ರೇಕ್ಷಕರದ್ದೋ ಹಿಮ್ಮೇಳದ್ದೋ ಒಂದು ಶಾಟ್ ಹಾಕಿ ಮುಚ್ಚಿಬಿಡ್ಬೋದು.

ವೈಟ್ ಬ್ಯಾಲೆನ್ಸ್ ಕೂಡ ಹೇಳ್ಬಿಡ್ತೀನಿ. 600ಡಿಲಿ ಕೆಲ್ವಿನ್ ನಂಬರ್ (ಬೆಳಕಿನ ಬಣ್ಣದ ಅಳತೆ) ಹಾಕೋಕೆ ಜಾಗ ಇಲ್ಲ, ಬಿಸಿಲು ಮೋಡ ಬಲ್ಬು ಅಂತ ಚಿತ್ರಗಳಷ್ಟೇ. ಇದ್ರಲ್ಲಿ 3200 ಅಂತಲೋ 4000 ಅಂತಲೋ ನೇರ ನಂಬರ್ ಇಡ್ಬೋದು, ರಾತ್ರಿಯಿಡೀ ಒಂದೇ ಬಣ್ಣ ಇರುತ್ತೆ, ಎಡಿಟ್ ಮಾಡುವಾಗ ಒದ್ದಾಟ ಇಲ್ಲ. ಪಟ್ಟಿ ಪಟ್ಟಿಯಾಗಿ ಲೈಟ್ ಮಿನುಗೋ ಸಮಸ್ಯೆಗೆ ಮಾತ್ರ ಇದೆಲ್ಲ ಬೇಕಾಗೋದೇ ಇಲ್ಲ, ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾ ಮೆನುವಲ್ಲಿ ಪಾಲ್ ಅಂತ ಇಟ್ಟು 25 ಫ್ರೇಮ್, ಶಟರ್ 1/50 ಮಾಡಿ ಸಾಕು, ಎಷ್ಟೋ ಜನ ಎನ್‌ಟಿಎಸ್‌ಸಿಲೇ ಬಿಟ್ಟುಕೊಂಡು ಕ್ಯಾಮೆರಾನ ಬೈತಿರ್ತಾರೆ.

ಈಗ ಅಣಬೆ, ಹುಳ. ಹತ್ತಿರದಿಂದ ತೆಗೆದಾಗ ಅಣಬೆಯ ಕೊಡೆ ಅಂಚು ಶಾರ್ಪ್ ಇದ್ರೆ ಕಾಂಡ ಮಸುಕು, ಕಾಂಡ ಹಿಡಿದ್ರೆ ಕೊಡೆ ಮಸುಕು, ಅಪರ್ಚರ್ 16ಕ್ಕೆ ಇಳಿಸಿದ್ರೂ ಸಾಲಲ್ಲ. ಫೋಕಸ್ ಸ್ಟ್ಯಾಕಿಂಗ್ ಅನ್ನೋ ಸವಲತ್ತು ಇರೋದು ಇದಕ್ಕೇ. ಟ್ರೈಪಾಡ್ ಮೇಲೆ ಇಟ್ಟು ಲೈವ್ ವ್ಯೂ ಆನ್ ಮಾಡಿ, ಎಷ್ಟು ಫೋಟೋ ಬೇಕು, ಒಂದೊಂದರ ನಡುವೆ ಫೋಕಸ್ ಎಷ್ಟು ಸರೀಬೇಕು ಅಂತ ಹೇಳಿಬಿಟ್ರೆ ಕ್ಯಾಮೆರಾನೇ ಲೆನ್ಸಿನ ಮೋಟಾರ್ ತಿರುಗಿಸ್ಕೊಂಡು ಒಂದಾದ ಮೇಲೊಂದು ತೆಗೆಯುತ್ತೆ, ಆಮೇಲೆ ಕಂಪ್ಯೂಟರಲ್ಲಿ ಸೇರಿಸ್ಬೇಕು. ಲೆನ್ಸಲ್ಲಿ ಆಟೋಫೋಕಸ್ ಮೋಟಾರ್ ಇರ್ಲೇಬೇಕು, ಇನ್ನೂ ಹತ್ತಿರದಿಂದ ತೆಗೆಯೋಕೆ ಲೆನ್ಸ್ ಮತ್ತೆ ಕ್ಯಾಮೆರಾ ನಡುವೆ ಕೂರಿಸೋ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕೋದಾದ್ರೆ ಕರೆಂಟ್ ದಾಟಿಸೋ ಪಿನ್ ಇರೋ ಟ್ಯೂಬೇ ಬೇಕು, ತೀರಾ ಅಗ್ಗದ ಖಾಲಿ ಟ್ಯೂಬಲ್ಲಿ ಇದು ನಡೆಯಲ್ಲ. ಹುಳಕ್ಕೆ ಇದು ಅಷ್ಟಕ್ಕಷ್ಟೇ, ಅದು ನಿಮಗೋಸ್ಕರ ಕದಲದೇ ಕೂರಲ್ಲ. ಅಣಬೆ, ಪಾಚಿ, ಆರ್ಕಿಡ್ ಹೂವಿಗೆ ಗಾಳಿ ಇಲ್ಲದ ಬೆಳಗಿನ ಜಾವ ಹೇಳಿ ಮಾಡಿಸಿದ ಸವಲತ್ತು ಇದು. ಮಳೆಗಾಲದಲ್ಲಿ ನಮ್ಮ ಘಟ್ಟದ ಕಾಡಲ್ಲಿ ಕತ್ತಲಲ್ಲಿ ಹೊಳೆಯೋ ಅಣಬೆ ಸಿಗುತ್ತಲ್ಲ, ಅದಕ್ಕೆ ಬಲ್ಬ್ ಟೈಮರ್ ಬಳಸಿ. ಕ್ಯಾಮೆರಾದ 30 ಸೆಕೆಂಡ್ ಮಿತಿ ದಾಟಿ ಎರಡು ನಿಮಿಷ ಐದು ನಿಮಿಷ ಎಷ್ಟು ಬೇಕೋ ಅಷ್ಟು ಸೆಟ್ ಮಾಡಿ ದೂರ ನಿಂತ್ಕೊಳ್ಳಿ, ರಿಮೋಟ್ ಹಿಡ್ಕೊಂಡು ಸೆಕೆಂಡ್ ಎಣಿಸೋ ಕೆಲಸ ಇಲ್ಲ, ಉಂಬಳ ಬಿಡಿಸ್ಕೊಳೋಕೆ ಎರಡೂ ಕೈ ಖಾಲಿ ಇರುತ್ತೆ!

ರಾತ್ರಿ ಆಕಾಶಕ್ಕೆ ಇಂಟರ್ವಲೋಮೀಟರ್, ಅಂದ್ರೆ ಇಂತಿಷ್ಟು ಹೊತ್ತಿಗೊಂದು ಅಂತ ತಾನಾಗೇ ಫೋಟೋ ತೆಗೆಯೋ ಸವಲತ್ತು. ನಿಮ್ಮ ಕ್ಯಾಮೆರಾದಲ್ಲಿ ಅದು ಇಲ್ಲವೇ ಇಲ್ಲ, ಹೊರಗಡೆಯಿಂದ ಟೈಮರ್ ರಿಮೋಟ್ ತಗೋಬೇಕು. ಇದು ಬಂದ್ರೆ ಆ ದುಡ್ಡು ಉಳೀತು. ಕಿಟ್ ಲೆನ್ಸನ್ನ 18 ಎಂಎಂಗೆ ಇಟ್ರೆ ನಿಮ್ಮ ಸೆನ್ಸರ್‌ನ 1.6 ಕ್ರಾಪ್ ಲೆಕ್ಕದಲ್ಲಿ ನಕ್ಷತ್ರ ಗೆರೆ ಆಗದಂಗೆ 17 ಸೆಕೆಂಡಿನ ಆಸುಪಾಸು ತೆರೆದಿಡ್ಬೋದು, ಅದನ್ನೇ ಒಂದರ ಹಿಂದೆ ಒಂದು ತೆಗೀತಾ ಹೋಗು ಅಂತ ಹೇಳಿ ಮಲಗಿಬಿಡಿ. ಮೋಡದ ಟೈಮ್‌ಲ್ಯಾಪ್ಸ್ ಆದ್ರೆ 25 ಫ್ರೇಮ್ ಲೆಕ್ಕದಲ್ಲಿ 10 ಸೆಕೆಂಡ್ ವಿಡಿಯೋಗೆ 250 ಫೋಟೋ ಬೇಕು, 5 ಸೆಕೆಂಡಿಗೊಂದು ತೆಗೆದ್ರೆ ಸುಮಾರು 21 ನಿಮಿಷ ಹಿಡಿಯುತ್ತೆ. ಇದ್ರಲ್ಲಿ ಒಂದು ನಷ್ಟ ಇದೆ, ಪ್ರತಿ ಫೋಟೋಗೂ ಶಟರ್ ಸವೆಯುತ್ತೆ. ಹೆಂಗೂ ಮ್ಯಾಜಿಕ್ ಲ್ಯಾಂಟರ್ನ್ ಮೆನುವಲ್ಲಿ ಶಟರ್ ಎಷ್ಟು ಸಲ ಬಿದ್ದಿದೆ ಅನ್ನೋ ಲೆಕ್ಕಾನೂ ಸಿಗುತ್ತೆ, ಕ್ಯಾನನ್ ಮೆನುವಲ್ಲಿ ಅದು ಎಲ್ಲೂ ಇಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡಿರೋರು ಮೊದಲು ನೋಡೋದೇ ಅದನ್ನ, ನೋಡಿ ಕೆಲವ್ರು ಬೇಜಾರೂ ಮಾಡ್ಕೋತಾರೆ ಪಾಪ.

ದೇವಸ್ಥಾನದ ಒಳಗಿನ ಫೋಟೋಗೆ ಎರಡು ದಾರಿ ಇದೆ. ನಿಮ್ಮ ಹತ್ರದ ಇಕ್ಕೇರಿಯನ್ನೇ ತಗೊಳ್ಳಿ, ಅಘೋರೇಶ್ವರ ದೇವಸ್ಥಾನದ ಒಳಗೆ ನಿಂತು ಬಾಗಿಲ ಕಡೆ ತಿರುಗಿದ್ರೆ ಹೊರಗೆ ಸುಡುಬಿಸಿಲು ಒಳಗೆ ಕಪ್ಪು ಕಲ್ಲು, ಒಂದು ಫೋಟೋದಲ್ಲಿ ಎರಡೂ ಬರಲ್ಲ. ಒಂದೇ ದೃಶ್ಯವನ್ನ ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆಯೋದಕ್ಕೆ ಬ್ರಾಕೆಟ್ ಮಾಡೋದು ಅಂತಾರೆ. 600ಡಿ ತಾನಾಗಿ ಮೂರು ಎಕ್ಸ್‌ಪೋಷರ್ ತನಕ ಮಾತ್ರ ಬ್ರಾಕೆಟ್ ಮಾಡುತ್ತೆ, ಇದ್ರಲ್ಲಿ ಒಂಬತ್ತರ ತನಕ ಹೋಗ್ಬೋದು. ಇನ್ನೊಂದು ಡ್ಯುಯಲ್ ಐಎಸ್‌ಒ, 2013ರಲ್ಲಿ ಬಂದದ್ದು, ಮ್ಯಾಜಿಕ್ ಲ್ಯಾಂಟರ್ನ್‌ನಲ್ಲಿ ಎಲ್ಲಕ್ಕಿಂತ ಬುದ್ಧಿವಂತಿಕೆಯ ಕೆಲಸ ಅಂತ ನನಗೆ ಅನ್ನಿಸೋದು ಇದೇ. ಸೆನ್ಸರ್‌ನ ಎರಡು ಸಾಲು ಐಎಸ್‌ಒ 100, ಮುಂದಿನ ಎರಡು ಸಾಲು 1600, ಹಿಂಗೆ ಒಂದೇ ಫೋಟೋದಲ್ಲಿ ಎರಡು ಥರ ಓದುತ್ತೆ, ಆಮೇಲೆ ಕಂಪ್ಯೂಟರಲ್ಲಿ ಸೇರಿಸಿದ್ರೆ ನೆರಳಲ್ಲಿ ಹತ್ತಿರ ಹತ್ತಿರ ಮೂರು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು) ಹೆಚ್ಚು ವಿವರ. ಬದಲಿಗೆ ತೀರಾ ಕತ್ತಲು ತೀರಾ ಬೆಳಕಿನ ಜಾಗದಲ್ಲಿ ವಿವರ ಅರ್ಧ ಆಗುತ್ತೆ, ಕೆಲವು ಕಡೆ ಗೆರೆಗೆರೆ ಕಾಣ್ಬೋದು, ಪ್ರತಿ ಫೈಲನ್ನೂ ಬೇರೆ ಪ್ರೋಗ್ರಾಂನಲ್ಲಿ ಹಾಕಿ ತೆಗೀಬೇಕು. ಹಂಗಾಗಿ ಕಲ್ಲು ಕಂಬಕ್ಕೆ ಬ್ರಾಕೆಟಿಂಗೇ ಸಾಕು, ಜನ ಓಡಾಡ್ತಿರೋ ಜಾತ್ರೆ ತೇರಿನ ಫೋಟೋಗೆ ಬೇಕಾದ್ರೆ ಡ್ಯುಯಲ್ ಐಎಸ್‌ಒ ಪ್ರಯತ್ನ ಮಾಡಿ. ರಾ ಹಿಸ್ಟೋಗ್ರಾಮ್ ಅಂತ ಇನ್ನೊಂದಿದೆ, ರಾ ಅಂದ್ರೆ ಸೆನ್ಸರ್ ಕಂಡದ್ದನ್ನ ಸಂಸ್ಕರಿಸದೇ ಹಾಗೇ ಇಟ್ಟ ಡೇಟಾ, ಹಿಸ್ಟೋಗ್ರಾಮ್ ಅಂದ್ರೆ ಚಿತ್ರದಲ್ಲಿ ಕತ್ತಲು ಬೆಳಕು ಎಷ್ಟೆಷ್ಟಿದೆ ಅಂತ ತೋರ್ಸೋ ಗ್ರಾಫ್, ಕ್ಯಾನನ್ ತೋರ್ಸೋ ಹಿಸ್ಟೋಗ್ರಾಮ್ ಜೆಪೆಗ್ ಆಧಾರದ್ದು, ಇದು ನಿಜವಾದ ರಾ ಡೇಟಾದ್ದು, ರಾ ತೆಗೆಯೋ ಅಭ್ಯಾಸ ಇದ್ರೆ ವ್ಯತ್ಯಾಸ ಗೊತ್ತಾಗುತ್ತೆ, ಇಲ್ದಿದ್ರೆ ಬಿಡಿ. ಸೈಲೆಂಟ್ ಪಿಕ್ಚರ್ ಅಂದ್ರೆ ಶಟರ್ ಸದ್ದೇ ಇಲ್ಲದ ಫೋಟೋ, ಸಂಗೀತ ಕಚೇರಿಗೆ ಚೆನ್ನಾಗಿದೆ ಅನ್ನಿಸುತ್ತೆ, ಆದ್ರೆ ನಿಮ್ಮ 18 ಮೆಗಾಪಿಕ್ಸೆಲ್ ಕ್ಯಾಮೆರಾ ಅದ್ರಲ್ಲಿ ಕೊಡೋದು ಸುಮಾರು 2 ಮೆಗಾಪಿಕ್ಸೆಲ್.

ಇನ್ನು ಫ್ರೆಂಡ್ ಹೇಳಿದ ಸಿನಿಮಾ ಕ್ಯಾಮೆರಾ. ಅವನು ಹೇಳ್ತಿರೋದು ರಾ ವಿಡಿಯೋ ಬಗ್ಗೆ. 2013ರ ಮೇ ತಿಂಗಳಲ್ಲಿ ಇದು ಬಂದಾಗ ದೊಡ್ಡ ಗಲಾಟೆಯೇ ಆಯ್ತು, ಯಾಕಂದ್ರೆ 5ಡಿ ಮಾರ್ಕ್ 3 ಒಂದೊಂದು ಫ್ರೇಮನ್ನೂ 14 ಬಿಟ್ ರಾ ಆಗಿ ಕೊಡೋಕೆ ಶುರು ಮಾಡ್ತು, ಅಂಥಾ ಚಿತ್ರ ಆಗ ಸಿಗ್ತಿದ್ದದ್ದು ಅದರ ಎಷ್ಟೋ ಪಟ್ಟು ದುಬಾರಿ ಕ್ಯಾಮೆರಾಗಳಲ್ಲಿ. ಆದ್ರೆ ಲೆಕ್ಕ ನೋಡಿ. 1920 ಗುಣಿಸು 1080, ಒಂದೊಂದು ಪಿಕ್ಸೆಲ್‌ಗೆ 14 ಬಿಟ್, ಅಂದ್ರೆ ಒಂದು ಫ್ರೇಮ್ ಸುಮಾರು 3.6 ಎಂಬಿ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ 87 ಎಂಬಿ. 64 ಜಿಬಿ ಕಾರ್ಡ್ 12 ನಿಮಿಷಕ್ಕೆ ಭರ್ತಿ. ಮಾರ್ಕ್ 3ರಲ್ಲಿ ವೇಗದ ಸಿಎಫ್ ಕಾರ್ಡ್ ಸ್ಲಾಟ್ ಇರೋದ್ರಿಂದ ಅದು ಅಷ್ಟನ್ನ ಬರೆಯುತ್ತೆ. ನಿಮ್ಮ 600ಡಿಯ ಎಸ್‌ಡಿ ಸ್ಲಾಟ್ ಬರೆಯೋದು ಸೆಕೆಂಡಿಗೆ 20 ಎಂಬಿ ಆಸುಪಾಸು, ಎಷ್ಟೇ ದುಬಾರಿ ಕಾರ್ಡ್ ಹಾಕಿದ್ರೂ ಅಷ್ಟೇ, ಯಾಕಂದ್ರೆ ಅಡ್ಡಿ ಇರೋದು ಕಾರ್ಡಲ್ಲಲ್ಲ ಕ್ಯಾಮೆರಾದಲ್ಲಿ. ಫುಲ್ ಎಚ್‌ಡಿ ಇಟ್ರೆ ಕೆಲವೇ ಸೆಕೆಂಡಿಗೆ ನಿಂತುಹೋಗುತ್ತೆ, ನಿಲ್ಲದೇ ಓಡಬೇಕು ಅಂದ್ರೆ ಫ್ರೇಮಿನ ಅಳತೆ ಅರ್ಧಕ್ಕೋ ಅದರ ಅಕ್ಕಪಕ್ಕಕ್ಕೋ ಇಳಿಸ್ಬೇಕು, ಸೌಂಡ್ ಬೇರೆ, ಎಡಿಟಿಂಗ್‌ಗೆ ಮುಂಚೆ ಫೈಲ್ ಬಿಡಿಸೋದು ಬೇರೆ, ಹಾರ್ಡ್‌ಡಿಸ್ಕ್ ಖರ್ಚು ಬೇರೆ. ಆಮೇಲೆ ಬಂದ 10 ಬಿಟ್ 12 ಬಿಟ್ ಆಯ್ಕೆಗಳಿಂದ ಸ್ವಲ್ಪ ಹಗುರ ಆಗಿದೆ, ಆದ್ರೂ 600ಡಿಲಿ ಯಕ್ಷಗಾನಕ್ಕೆ ಇದು ಬೇಡವೇ ಬೇಡ. ಒಂದು ಎರಡು ನಿಮಿಷದ ಪ್ರಯೋಗಕ್ಕೆ ಆಟ ಆಡಿ ನೋಡಿ, ತಪ್ಪಿಲ್ಲ.

ಹಂಗೇ ಇದನ್ನ ಹಾಕಿದ ತಕ್ಷಣ ಫೋಟೋ ಕ್ವಾಲಿಟಿ ಜಾಸ್ತಿ ಆಗುತ್ತೆ ಅನ್ನೋದೂ ಸುಳ್ಳು. ಸೆನ್ಸರ್ ಅದೇ, ಲೆನ್ಸ್ ಅದೇ. ಐಎಸ್‌ಒ 6400ರಲ್ಲಿ ಬರೋ ಕಾಳು ಕಾಳು ನಾಯ್ಸ್ ಹಂಗೇ ಬರುತ್ತೆ.

ರಿಸ್ಕ್ ಬಗ್ಗೆ. ಮಾಡೋರೇ ಹೇಳ್ತಾರೆ, ನಮ್ಮ ಕಡೆಯಿಂದ ಯಾವ ಗ್ಯಾರಂಟಿನೂ ಇಲ್ಲ, ನಿಮ್ಮ ಜವಾಬ್ದಾರಿಲಿ ಹಾಕ್ಕೊಳ್ಳಿ ಅಂತ. ಇದು ಕ್ಯಾನನ್ ಒಪ್ಪಿ ಕೊಟ್ಟದ್ದಲ್ಲ, ಹೊಸ ಕ್ಯಾಮೆರಾ ಆಗಿದ್ರೆ ವಾರಂಟಿಗೆ ತಕರಾರು ಬರ್ಬೋದು, 2011ರ ಮಾಡೆಲ್ ನಿಮ್ಮದು, ವಾರಂಟಿ ಮುಗಿದು ಯಾವ ಕಾಲ ಆಯ್ತು. ಜನ "ಡೆಡ್ ಆಯ್ತು" ಅನ್ನೋದ್ರಲ್ಲಿ ಹೆಚ್ಚಿನವು ನಿಜವಾಗಿ ಡೆಡ್ ಆಗಿರಲ್ಲ. ಬೂಟ್ ಆಗೋ ಥರ ಗುರುತು ಮಾಡಿದ ಕಾರ್ಡಿಂದ ಮ್ಯಾಜಿಕ್ ಲ್ಯಾಂಟರ್ನ್ ಫೈಲ್ ಮಾತ್ರ ಅಳಿಸಿಬಿಟ್ಟಿರ್ತಾರೆ, ಕ್ಯಾಮೆರಾ ಆನ್ ಮಾಡಿದ್ರೆ ಓಡಿಸು ಅಂತ ಗುರುತಿದೆ ಓಡಿಸೋಕೆ ಫೈಲ್ ಇಲ್ಲ, ಅಲ್ಲೇ ನಿಂತುಬಿಡುತ್ತೆ, ಸ್ಕ್ರೀನ್ ಕಪ್ಪು, ಬಟನ್ ಒತ್ತಿದ್ರೆ ಏನೂ ಇಲ್ಲ. ಆಗ ಗಾಬರಿ ಬೀಳ್ದೆ ಬ್ಯಾಟರಿ ತೆಗೆದು, ಕಾರ್ಡ್ ತೆಗೆದು, ಕಂಪ್ಯೂಟರಲ್ಲಿ ಫೈಲ್ ವಾಪಸ್ ಹಾಕಿ ಇಲ್ಲಾಂದ್ರೆ ಬೇರೆ ಕಾರ್ಡ್ ಹಾಕಿ. ಇನ್ನೊಂದು ತಪ್ಪು ಕಾರ್ಡ್ ಬಾಗಿಲು ತೆಗೆದ ಕೂಡಲೇ ಕಾರ್ಡ್ ಎಳೆಯೋದು. ಪ್ರೋಗ್ರಾಂ ಕಾರ್ಡ್ ಮೇಲೇ ಇರೋದ್ರಿಂದ ಕೆಂಪು ಲೈಟ್ ಪೂರ್ತಿ ಆರೋ ತನಕ ಕಾಯ್ಬೇಕು, ಇಲ್ದಿದ್ರೆ ಕ್ಯಾಮೆರಾ ನೇತಾಕ್ಕೊಳುತ್ತೆ, ಬಿಸಿ ಆಗುತ್ತೆ, ಬ್ಯಾಟರಿ ಇಳಿಯುತ್ತೆ. ಇಷ್ಟಾದ್ರೂ ನಿಜವಾಗಿ ಕೆಡೋ ಸಾಧ್ಯತೆ ಸೊನ್ನೆ ಅಂತ ನಾನು ಹೇಳಲ್ಲ. ಇದೊಂದೇ ಕ್ಯಾಮೆರಾ ಅಂತೀರಿ, ನಾಳೆ ಮದುವೆ ಆರ್ಡರ್ ಇದೆ ಅನ್ನೋ ಹಿಂದಿನ ರಾತ್ರಿ ಮಾತ್ರ ಕೂತ್ಕೊಂಡು ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ.

ಹಾಕೋ ವಿಧಾನ ಹೇಳ್ತೀನಿ. ಮೋಡ್ ಡಯಲನ್ನ ಎಂ (M) ಅಕ್ಷರಕ್ಕೆ ತಿರುಗಿಸಿ ಮೆನುವಲ್ಲಿ ಫರ್ಮ್‌ವೇರ್ ವರ್ಷನ್ ನೋಡಿ, 600ಡಿಗೆ ಬೇಕಾಗಿರೋದು 1.0.2. ಇಲ್ಲಿ ಒಂದು ಅಂಕಿ ಆಚೀಚೆ ಆದ್ರೂ ಆಗಲ್ಲ, ಯಾಕಂದ್ರೆ ಇವರು ಕ್ಯಾನನ್ ಸಾಫ್ಟ್‌ವೇರ್ ಒಳಗೆ ಯಾವ ಫಂಕ್ಷನ್ ಮೆಮರಿಯ ಯಾವ ವಿಳಾಸದಲ್ಲಿದೆ ಅಂತ ಹುಡುಕಿ ಆ ವಿಳಾಸಕ್ಕೇ ನೇರ ಕರೆ ಮಾಡ್ತಾರೆ, ವರ್ಷನ್ ಬದಲಾದ್ರೆ ವಿಳಾಸಗಳೆಲ್ಲ ಅದಲು ಬದಲು. ಕಾರ್ಡನ್ನ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಮ್ಯಾಜಿಕ್ ಲ್ಯಾಂಟರ್ನ್ ಅವರ ಸ್ವಂತ ಸೈಟಿಂದ 600ಡಿಯ ಜಿಪ್ ಇಳಿಸಿ, ಬಿಚ್ಚಿ, ಒಳಗಿರೋದನ್ನೆಲ್ಲ ಕಾರ್ಡಿನ ಮೊದಲ ಹಂತದಲ್ಲೇ ಹಾಕಿ, ಫೋಲ್ಡರ್ ಒಳಗೆ ಫೋಲ್ಡರ್ ಮಾಡ್ಬೇಡಿ. ಬ್ಯಾಟರಿ ಫುಲ್ ಇರ್ಲಿ, ನಿಮ್ಮ ಕ್ಯಾಮೆರಾದ್ದು ಎಲ್‌ಪಿ-ಇ8, ಡೂಪ್ಲಿಕೇಟ್ ಬ್ಯಾಟರಿ ಇದ್ರೆ ಈ ಒಂದು ಕೆಲಸಕ್ಕಾದ್ರೂ ಒರಿಜಿನಲ್ ಹಾಕಿ. ಮೆನುವಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಒತ್ತಿ, ಆಯ್ತು ಅಂತ ಮೆಸೇಜ್ ಬಂದ್ಮೇಲೆ ಆಫ್ ಮಾಡಿ ಆನ್ ಮಾಡಿ. ಕಸದಬುಟ್ಟಿ ಚಿತ್ರದ ಬಟನ್ ಒತ್ತಿದ್ರೆ ಮೆನು ತೆರೆಯುತ್ತೆ. ಮೊದಲ ಸಲ ನೋಡಿದ್ರೆ ತಲೆ ತಿರುಗುತ್ತೆ, ಅಷ್ಟು ಆಯ್ಕೆಗಳು. ಪೀಕಿಂಗ್, ಝೀಬ್ರಾ, ಆಡಿಯೋ ಮೀಟರ್, ಇಂಟರ್ವಲೋಮೀಟರ್, ಈ ನಾಲ್ಕು ಬಿಟ್ಟು ಉಳಿದದ್ದನ್ನ ಸದ್ಯಕ್ಕೆ ಮುಟ್ಬೇಡಿ, ಎಲ್ಲ ಒಟ್ಟಿಗೆ ಆನ್ ಮಾಡಿದ್ರೆ ಸ್ಕ್ರೀನಲ್ಲಿ ಚಿತ್ರವೇ ಕಾಣಲ್ಲ, ಕ್ಯಾಮೆರಾನೂ ನಿಧಾನ ಆಗುತ್ತೆ. ಒಂದು ದಿನ ಇದಿಲ್ದೆ ಬೇಕು ಅಂದ್ರೆ ಆನ್ ಮಾಡುವಾಗ ಸೆಟ್ ಬಟನ್ ಒತ್ತಿ ಹಿಡೀರಿ, ಕ್ಯಾನನ್ ಮಾತ್ರ ಬರುತ್ತೆ.

ವಾಟ್ಸಾಪಲ್ಲಿ ಯಾರೋ ಕಳಿಸಿದ ಜಿಪ್ ಮಾತ್ರ ಹಾಕ್ಬೇಡಿ. 2019ರಲ್ಲಿ ಚೆಕ್ ಪಾಯಿಂಟ್ ಅನ್ನೋ ಸೆಕ್ಯೂರಿಟಿ ಕಂಪನಿಯವರು ಕ್ಯಾನನ್ 80ಡಿ ಒಳಗೆ ವೈಫೈ ಮೂಲಕ ನುಗ್ಗಿ ಫೋಟೋಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳೋ ರಾನ್ಸಮ್‌ವೇರ್ ಹಾಕಿ ತೋರಿಸಿದ್ರು, ಆಮೇಲೆ ಕ್ಯಾನನ್ ಅದಕ್ಕೆ ಪ್ಯಾಚ್ ಕೊಟ್ರು. ನಿಮ್ಮ 600ಡಿಲಿ ವೈಫೈ ಇಲ್ಲ, ಅಷ್ಟು ಹೆದರಬೇಕಿಲ್ಲ, ಆದ್ರೆ ಕ್ಯಾಮೆರಾನೂ ಒಂದು ಕಂಪ್ಯೂಟರೇ, ಗೊತ್ತಿಲ್ಲದ ಪ್ರೋಗ್ರಾಂ ಓಡಿಸಿದ್ರೆ ಏನು ಬೇಕಾದ್ರೂ ಆಗುತ್ತೆ. ಮಧ್ಯೆ ಕೆಲವು ವರ್ಷ ಮ್ಯಾಜಿಕ್ ಲ್ಯಾಂಟರ್ನ್ ಕೆಲಸ ನಿಂತೇ ಹೋದಂಗಿತ್ತು, 2025ರಲ್ಲಿ ಹೊಸ ತಂಡ ಮತ್ತೆ ಕೈಗೆತ್ತಿಕೊಂಡಿದೆ, ಹಂಗಾಗಿ ಹಳೇ ಯೂಟ್ಯೂಬ್ ವಿಡಿಯೋದ ಕೆಳಗಿರೋ ಲಿಂಕ್ ಹಿಡ್ಕೊಂಡು ಹೋಗೋ ಅಗತ್ಯಾನೂ ಇಲ್ಲ.

ಅಪ್ಪನ ಎಸ್‌ಎಕ್ಸ್150ಗೆ ಬರೋದು ಬೇರೆ, ಸಿಎಚ್‌ಡಿಕೆ ಅಂತ. ಪವರ್‌ಶಾಟ್‌ಗಳಿಗೋಸ್ಕರ ಮಾಡಿದ್ದು, ಮ್ಯಾಜಿಕ್ ಲ್ಯಾಂಟರ್ನ್‌ಗಿಂತ ಹಳೇದು. ನಿಮ್ಮ ಜಾಗದಲ್ಲಿ ನಾನಿದ್ರೆ ಮೊದಲು ಇದರ ಮೇಲೇ ಕೈ ಪಳಗಿಸ್ಕೋತಿದ್ದೆ, ಯಾಕಂದ್ರೆ ಇದು ಕ್ಯಾಮೆರಾ ಒಳಗೆ ಬೂಟ್‌ಫ್ಲಾಗ್ ಕೂಡ ಬರೆಯಲ್ಲ. ಇದರ ಉಪಾಯ ನೋಡಿ ಎಷ್ಟು ಚೆನ್ನಾಗಿದೆ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಪುಟ್ಟ ಲಾಕ್ ಇರುತ್ತಲ್ಲ, ಕೆಳಗೆ ಸರಿಸಿದ್ರೆ ಕಾರ್ಡಿಗೆ ಏನೂ ಬರೆಯೋಕಾಗಲ್ಲ ಅನ್ನೋದು, ಅದನ್ನ ಲಾಕ್ ಮಾಡಿಯೇ ಕ್ಯಾಮೆರಾಗೆ ಹಾಕ್ಬೇಕು. ಲಾಕ್ ಆಗಿರೋ, ಬೂಟ್ ಗುರುತು ಇರೋ ಕಾರ್ಡ್ ಕಂಡ್ರೆ ಪವರ್‌ಶಾಟ್ ಅದರಲ್ಲಿರೋ ಪ್ರೋಗ್ರಾಂ ಓಡಿಸುತ್ತೆ, ಸಿಎಚ್‌ಡಿಕೆ ಲೋಡ್ ಆದ ಕೂಡಲೇ ಆ ಲಾಕನ್ನ ಕಡೆಗಣಿಸಿ ಫೋಟೋ ಬರೆಯೋಕೆ ಬಿಡುತ್ತೆ. ಬೇಡ ಅಂದ್ರೆ ಉಗುರಲ್ಲಿ ಲಾಕ್ ಮೇಲೆ ಸರಿಸಿ, ಮುಗೀತು. ಕಾರ್ಡ್ 32 ಜಿಬಿ ಒಳಗಿಂದೇ ಇರ್ಲಿ. ಇಲ್ಲೂ ವರ್ಷನ್ ಹೊಂದಬೇಕು, 1.00ಎ ಇಲ್ಲಾ 1.00ಬಿ ಅಂತ ಅಕ್ಷರ ಸಮೇತ, ಎಸ್‌ಎಕ್ಸ್150 ಐಎಸ್ ಅಂತ ಹೆಸರು ಪಟ್ಟಿಯಲ್ಲಿದೆ.

ಸಿಗೋದು ಏನು ಅಂದ್ರೆ, ಕ್ಯಾನನ್ ಈ ಕ್ಯಾಮೆರಾಗೆ ರಾ ಕೊಟ್ಟಿಲ್ಲ, ಇದ್ರಿಂದ ಡಿಎನ್‌ಜಿ ಅನ್ನೋ ರಾ ಫೈಲ್ ಬರುತ್ತೆ. ಲೈವ್ ಹಿಸ್ಟೋಗ್ರಾಮ್, ಝೀಬ್ರಾ, ಬ್ಯಾಟರಿ ಎಷ್ಟಿದೆ ಅನ್ನೋ ನಂಬರ್, ಯುಎಸ್‌ಬಿ ವೈರಿಗೆ 5 ವೋಲ್ಟ್ ಕೊಟ್ಟು ದೂರದಿಂದ ಕ್ಲಿಕ್ ಮಾಡೋದು. ಎಲ್ಲಕ್ಕಿಂತ ದೊಡ್ಡದು ಸ್ಕ್ರಿಪ್ಟ್, ಬೇಸಿಕ್ ಥರದ ಒಂದು ಸಣ್ಣ ಭಾಷೆ ಮತ್ತೆ ಲುವಾ ಎರಡರಲ್ಲೂ ನೀವೇ ಬರೀಬೋದು, ಬರೆದಿಟ್ಟದ್ದು ಬೇಕಾದಷ್ಟು ಸಿಗುತ್ತೆ. 2009ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಅಗ್ಗದ ಪವರ್‌ಶಾಟ್ ಎ470 ಒಂದನ್ನ ಥರ್ಮಾಕೋಲ್ ಪೆಟ್ಟಿಗೇಲಿ ಇಟ್ಟು ಬಲೂನಿಗೆ ಕಟ್ಟಿ ಸುಮಾರು 93,000 ಅಡಿ ಎತ್ತರಕ್ಕೆ ಕಳಿಸಿ ಭೂಮಿ ದುಂಡಗೆ ಬಾಗಿರೋ ಫೋಟೋ ತೆಗೆಸಿದ್ರು, ಒಟ್ಟು ಖರ್ಚು 150 ಡಾಲರ್ ಒಳಗೆ, ಅಷ್ಟು ಎತ್ತರದಲ್ಲಿ ತಾನಾಗೇ ಕ್ಲಿಕ್ ಮಾಡ್ತಿದ್ದದ್ದು ಸಿಎಚ್‌ಡಿಕೆ ಸ್ಕ್ರಿಪ್ಟು. ಗಾಳಿಪಟಕ್ಕೆ ಕ್ಯಾಮೆರಾ ಕಟ್ಟೋರು, ಹಳೇ ಪುಸ್ತಕ ಸ್ಕ್ಯಾನ್ ಮಾಡೋಕೆ ಎರಡು ಪವರ್‌ಶಾಟ್ ಎದುರುಬದುರು ಇಡೋರು ಎಲ್ಲ ಬಳಸಿದ್ದು ಇದನ್ನೇ. ಮೋಷನ್ ಡಿಟೆಕ್ಷನ್ ಸ್ಕ್ರಿಪ್ಟ್ ಹಾಕಿ ಮಿಂಚು ಹಿಡೀಬೋದು ಅಂತಲೂ ಹೇಳ್ತಾರೆ, ಹಗಲಲ್ಲಿ ಪ್ರಯತ್ನ ಮಾಡಿ ನೋಡಿ, ರಾತ್ರಿ ಮಿಂಚಿಗೆ ಮಾತ್ರ ಅದರ ತಲೆನೋವು ಬೇಡ, ಬರೀ ಇಂಟರ್ವಲ್ ಸ್ಕ್ರಿಪ್ಟ್ ಹಾಕಿ ಹತ್ತು ಸೆಕೆಂಡಿನ ಎಕ್ಸ್‌ಪೋಷರ್ ಸತತವಾಗಿ ತೆಗೀತಾ ಹೋದ್ರೆ ಮಿಂಚು ತಾನೇ ಬಂದು ಬೀಳುತ್ತೆ. ಕ್ಯಾಮೆರಾ ಜಗಲಿ ಮೇಲೆ ಇರ್ಲಿ, ನೀವು ಒಳಗಿರಿ. ಎಸ್‌ಎಕ್ಸ್150ಗೆ ಎರಡು ಡಬಲ್ ಎ ಸೆಲ್ಲು, ಗೋಡೆ ಗಡಿಯಾರಕ್ಕೆ ಹಾಕೋ ಮಾಮೂಲಿ ಸೆಲ್ ಹಾಕಿದ್ರೆ ಬೇಗ ಕೈಕೊಡುತ್ತೆ, ರೀಚಾರ್ಜೆಬಲ್ ತಗೊಳ್ಳಿ.

ಬೇರೆ ಕಂಪನಿ ಕ್ಯಾಮೆರಾ ಇಟ್ಕೊಂಡು ಇದನ್ನ ಓದ್ತಿರೋರಿಗೆ ಎರಡು ಮಾತು. ಸೋನಿಯಲ್ಲಿ ಆಪ್ ಹಾಕೋ ಸೌಲಭ್ಯ ಇದ್ದ ಎ6000 ಥರದ ಹಳೇ ಮಾಡೆಲ್‌ಗಳಿಗೆ ಓಪನ್‌ಮೆಮೊರೀಸ್ ಟ್ವೀಕ್ ಅಂತ ಇದೆ, 30 ನಿಮಿಷದ ರೆಕಾರ್ಡಿಂಗ್ ಮಿತಿ ತೆಗೆಯುತ್ತೆ, ಜಪಾನಿಂದ ತಂದು ಬರೀ ಜಪಾನಿ ಮೆನು ಇರೋ ಕ್ಯಾಮೆರಾಗೆ ಇಂಗ್ಲಿಷ್ ಬರಿಸುತ್ತೆ. ಪ್ಯಾನಾಸೋನಿಕ್ ಜಿಎಚ್1, ಜಿಎಚ್2ಗೆ ಇದ್ದದ್ದು ನಿಜವಾಗ್ಲೂ ಫರ್ಮ್‌ವೇರನ್ನೇ ತಿದ್ದಿ ಬರೆಯೋ ಹ್ಯಾಕು, ಅದರ ರಿಸ್ಕ್ ಕಾರ್ಡಿಂದ ಓಡೋ ಪ್ರೋಗ್ರಾಂಗಿಂತ ಹೆಚ್ಚು. ಇನ್ನು ಕ್ಯಾನನ್‌ದೇ 1200ಡಿ, 1500ಡಿ, 3000ಡಿ ಇಟ್ಕೊಂಡಿರೋರು ನಮ್ಮಲ್ಲಿ ತುಂಬಾ ಜನ ಇದ್ದಾರೆ, "600ಡಿಗೆ ಆಗುತ್ತೆ ಅಂದ್ರೆ ಅದಕ್ಕಿಂತ ಹೊಸದಕ್ಕೆ ಆಗಲೇಬೇಕಲ್ಲ" ಅಂತ ಕೇಳ್ತಾರೆ. ಹಂಗಿಲ್ಲ, ಒಂದೊಂದು ಮಾಡೆಲ್‌ಗೂ ಯಾರಾದ್ರೊಬ್ರು ಕೂತು ವಿಳಾಸ ಹುಡುಕಿರ್ಬೇಕು. ಡೌನ್‌ಲೋಡ್ ಪುಟದಲ್ಲಿ ನಿಮ್ಮ ಮಾಡೆಲ್ ಹೆಸರು, ನಿಮ್ಮ ವರ್ಷನ್ ನಂಬರ್ ಎರಡೂ ಇದ್ರೆ ಹಾಕಿ. ಇಲ್ಲ ಅಂದ್ರೆ 600ಡಿದು ಜಿಪ್ ತಂದು ತುರುಕೋಕೆ ಹೋಗ್ಬೇಡಿ, ಒಂದು ಟೈಮರ್ ರಿಮೋಟ್ ತಗೊಂಡ್ರೆ ಅರ್ಧ ಕೆಲಸ ಅದರಲ್ಲೇ ಆಗುತ್ತೆ.